ಎಂಡಿ, ಡಿಓ, ಟೆಕ್ಸಾಸ್: ಮೂರಕ್ಕೂ ಅರ್ಜಿ ಹಾಕುವಾಗ ಶಿಫಾರಸು ಪತ್ರಗಳನ್ನು ನಿಭಾಯಿಸುವುದು ಹೇಗೆ?

ಹ್ಯೂಸ್ಟನ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಕಾಲೇಜಿನ ಮೂರನೇ ವರ್ಷದಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ಹಾಕುತ್ತಾಳೆ. ನಾನು, ನಮ್ಮ ಮನೆಯವರು ಇಬ್ಬರೂ ಊರಲ್ಲಿ ಸಿಇಟಿ ಬರೆದು ಇಂಜಿನಿಯರಿಂಗ್ ಸೀಟು ತೆಗೆದುಕೊಂಡವರು. ರ‍್ಯಾಂಕ್ ಬಂದರೆ ಸೀಟು, ಅಷ್ಟೇ. ಮೇಷ್ಟ್ರ ಹತ್ತಿರ ಪತ್ರ ಬರೆಸಿಕೊಂಡು ಹೋಗುವ ಪದ್ಧತಿ ನಮಗೆ ಹೊಸದು.

ಅವಳು ಟೆಕ್ಸಾಸ್‌ನ ಸರ್ಕಾರಿ ಸ್ಕೂಲ್‌ಗಳಿಗೆ, ಹೊರ ರಾಜ್ಯಗಳ ಕೆಲವು ಎಂಡಿ ಸ್ಕೂಲ್‌ಗಳಿಗೆ, ಜೊತೆಗೆ ಕೆಲವು ಡಿಓ ಸ್ಕೂಲ್‌ಗಳಿಗೆ ಅರ್ಜಿ ಹಾಕಬೇಕು ಅಂತಿದ್ದಾಳೆ. (ಎಂಡಿ, ಡಿಓ ಅಂದರೆ ಆಸ್ಟಿಯೋಪತಿಕ್ ಮೆಡಿಸಿನ್, ಎರಡೂ ಇಲ್ಲಿ ಡಾಕ್ಟರಾಗುವ ಪದವಿಗಳೇ.) ಪತ್ರ ಕೊಡಬಹುದಾದವರು ಇವರು: ಆರ್ಗ್ಯಾನಿಕ್ ಕೆಮಿಸ್ಟ್ರಿ ಪ್ರೊಫೆಸರ್, ಅವಳು ಕೆಲಸ ಮಾಡುವ ಲ್ಯಾಬಿನ ಮುಖ್ಯಸ್ಥರು, ಇಂಗ್ಲಿಷ್ ಪ್ರೊಫೆಸರ್, ಜೊತೆಯಲ್ಲಿದ್ದು ಕೆಲಸ ನೋಡಿದ ಹೃದ್ರೋಗ ತಜ್ಞರು (ಎಂಡಿ), ಉಚಿತ ಕ್ಲಿನಿಕ್‌ನ ಮೇಲ್ವಿಚಾರಕಿ.

ಒಂದೇ ಪತ್ರ ಎಲ್ಲ ಕಡೆಗೂ ನಡೆಯುತ್ತದಾ? ಡಿಓಗೆ ಡಿಓ ಡಾಕ್ಟರೇ ಬರೆಯಬೇಕಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಓಹಾಯೊ ಅಡ್ವೈಸರ್

ನಮಸ್ಕಾರ. ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಓದಲು ಹೊರಟ ಮಕ್ಕಳಿಗೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಎಲ್ಲ ತಂದೆತಾಯಿಗಳೂ "ಯಾರ ಹತ್ತಿರ ಕೇಳಬೇಕು" ಅಂತಲೇ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಪತ್ರ ಯಾವ ದಾರಿಯಲ್ಲಿ ಹೋಗಿ ಯಾರ ಮೇಜಿಗೆ ಬೀಳುತ್ತದೆ ಅಂತ ನೋಡಿಕೊಳ್ಳಿ. ಮಗಳು ಮೂರು ಬೇರೆ ಬೇರೆ ಅರ್ಜಿ ಹಾಕುತ್ತಾಳೆ. ಪತ್ರಗಳ ವಿಷಯದಲ್ಲಿ ಮೂರರ ನಿಯಮವೂ ಬೇರೆ.

ಹೊರ ರಾಜ್ಯಗಳ ಎಂಡಿ ಸ್ಕೂಲ್‌ಗಳಿಗೆ ಆಮ್‌ಕಾಸ್ ಅನ್ನುವ ಅರ್ಜಿ ಸೇವೆಯ ಮೂಲಕ ಅರ್ಜಿ. ಅದನ್ನು ನಡೆಸುವುದು ಎಎಎಂಸಿ, ಅಂದರೆ ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ. ಇಲ್ಲಿ ಒಟ್ಟು 10 ಪತ್ರಗಳವರೆಗೆ ಸೇರಿಸಬಹುದು. ಮುಖ್ಯವಾದ ಅನುಕೂಲ ಅಂದರೆ ಯಾವ ಪತ್ರ ಯಾವ ಸ್ಕೂಲ್‌ಗೆ ಅಂತ ನಾವೇ ಆರಿಸಬಹುದು. ಸಂಶೋಧನೆಗೆ ಹೆಸರಾದ ಸ್ಕೂಲ್‌ಗೆ ಲ್ಯಾಬಿನ ಪತ್ರ, ಸಮುದಾಯ ಸೇವೆಗೆ ಒತ್ತು ಕೊಡುವ ಸ್ಕೂಲ್‌ಗೆ ಕ್ಲಿನಿಕ್ ಪತ್ರ, ಹೀಗೆ. ಆದರೆ ಅರ್ಜಿ ಸಲ್ಲಿಸಿದ ಮೇಲೆ ಹೊಸ ಪತ್ರ ಸೇರಿಸಬಹುದೇ ಹೊರತು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ.

ಡಿಓ ಸ್ಕೂಲ್‌ಗಳಿಗೆ ಅಕೋಮಾಸ್. ಅಲ್ಲಿ ಆರಿಸುವ ಸೌಲಭ್ಯ ಇಲ್ಲ. ಬಂದ ಪತ್ರಗಳೆಲ್ಲ ನೀವು ಅರ್ಜಿ ಹಾಕಿದ ಎಲ್ಲ ಡಿಓ ಸ್ಕೂಲ್‌ಗಳಿಗೂ ಹೋಗುತ್ತವೆ.

ಟೆಕ್ಸಾಸ್‌ನ ಸರ್ಕಾರಿ ಸ್ಕೂಲ್‌ಗಳಿಗೆ ಟಿಎಂಡಿಎಸ್‌ಎಎಸ್. ಅಲ್ಲಿ 2 ಪತ್ರ ಕಡ್ಡಾಯ, ಬೇಕಿದ್ದರೆ ಇನ್ನೊಂದು. ಅಲ್ಲಿಗೆ ಮುಗಿಯಿತು. ಇವೂ ಎಲ್ಲ ಸ್ಕೂಲ್‌ಗಳಿಗೂ ಒಟ್ಟಿಗೇ ಹೋಗುತ್ತವೆ. ನೀವು ಟೆಕ್ಸಾಸ್ ನಿವಾಸಿಗಳು. ಅಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ಹೊರ ರಾಜ್ಯದವರಿಗೆ ಶೇ. 10ಕ್ಕಿಂತ ಜಾಸ್ತಿ ಸೀಟು ಕೊಡುವಂತಿಲ್ಲ. ಹಾಗಾಗಿ ನಿಮ್ಮ ಮಗಳಿಗೆ ಅತಿ ಹೆಚ್ಚು ಅವಕಾಶ ಇರುವುದು ಅಲ್ಲೇ. ಆ 3 ಪತ್ರಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು ವಿಷಯ. ಅವಳ ಕಾಲೇಜಿನಲ್ಲಿ ಸಮಿತಿ ಪತ್ರ ಕೊಡುತ್ತಾರಾ ಅಂತ ಈಗಲೇ ಕೇಳಿಸಿ. ಕೆಲವು ಕಾಲೇಜುಗಳಲ್ಲಿ ಪ್ರೊಫೆಸರ್‌ಗಳ ಪತ್ರಗಳನ್ನು ಒಟ್ಟುಮಾಡಿ, ಮೇಲೆ ಸಮಿತಿಯ ಒಂದು ಪತ್ರ ಇಟ್ಟು ಕಳಿಸುತ್ತಾರೆ. ಆಮ್‌ಕಾಸ್ ಲೆಕ್ಕದಲ್ಲಿ ಆ ಕಟ್ಟು ಪೂರ್ತಿ ಒಂದೇ ಪತ್ರ. ಇಂಥ ಸಮಿತಿ ಇದ್ದೂ ಅದನ್ನು ಬಿಟ್ಟರೆ ಕೆಲವು ಮೆಡಿಕಲ್ ಸ್ಕೂಲ್‌ಗಳು ಯಾಕೆ ಅಂತ ಕಾರಣ ಕೇಳುತ್ತವೆ.

ಹ್ಯೂಸ್ಟನ್ ಅಮ್ಮ

ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಒಬ್ಬೊಬ್ಬ ಪ್ರೊಫೆಸರ್ ಮೂರು ಸಲ ಮೂರು ಕಡೆ ಅಪ್‌ಲೋಡ್ ಮಾಡಬೇಕಾ? ಅವರಿಗೆ ಅಷ್ಟು ತೊಂದರೆ ಕೊಡಲು ಸಂಕೋಚ.

ಓಹಾಯೊ ಅಡ್ವೈಸರ್

ಬೇಕಿಲ್ಲ. ಇಂಟರ್‌ಫೋಲಿಯೋ ಅಂತ ಒಂದು ಸೇವೆ ಇದೆ. ವರ್ಷಕ್ಕೆ ಶುಲ್ಕ ಕಟ್ಟಬೇಕು. ಪ್ರೊಫೆಸರ್ ಅಲ್ಲಿ ಒಂದು ಸಲ ಹಾಕಿದರೆ ಸಾಕು, ಅಲ್ಲಿಂದ ಮೂರೂ ಕಡೆಗೆ ಮಗಳೇ ಕಳಿಸಬಹುದು. ಪತ್ರ ಗೋಪ್ಯವಾಗಿಯೇ ಇರುತ್ತದೆ, ಅವಳಿಗೆ ತೆರೆದು ಓದಲು ಆಗುವುದಿಲ್ಲ. ಆಮ್‌ಕಾಸ್‌ಗೆ ಕಳಿಸುವಾಗ ಆಮ್‌ಕಾಸ್ ಐಡಿ, ಆ ಪತ್ರದ ಐಡಿ ಎರಡನ್ನೂ ಸರಿಯಾಗಿ ನಮೂದಿಸಬೇಕು. ಅಕೋಮಾಸ್‌ಗೆ ಆದರೆ ಪತ್ರ ಬರೆದವರ ಇಮೇಲ್ ಜಾಗದಲ್ಲಿ ಇಂಟರ್‌ಫೋಲಿಯೋ ಕೊಡುವ ವಿಳಾಸ ಹಾಕಬೇಕು.

ಆದರೆ ಇಲ್ಲಿ ಒಂದು ತೊಡಕಿದೆ. ಒಂದೇ ಪತ್ರ ಮೂರು ಕಡೆ ಹೋಗುವಾಗ ಅದರೊಳಗಿನ ಮಾತು ಮೂರು ಕಡೆಗೂ ಹೊಂದಬೇಕು. "ಈಕೆ ಎಂಡಿ ಪದವಿಗೆ ತಕ್ಕವಳು" ಅಂತ ಪ್ರೊಫೆಸರ್ ಬರೆದರೆ ಅದೇ ಸಾಲನ್ನು ಡಿಓ ಸ್ಕೂಲ್‌ನವರೂ ಓದುತ್ತಾರೆ. ಅವರಿಗೆ ಏನನ್ನಿಸಬಹುದು ಹೇಳಿ. ಕೇಳುವಾಗಲೇ ಮಗಳು ವಿನಯವಾಗಿ ಹೇಳಬೇಕು: "ಈ ಪತ್ರ ಹಲವು ಬಗೆಯ ಮೆಡಿಕಲ್ ಸ್ಕೂಲ್‌ಗಳಿಗೆ ಹೋಗುತ್ತದೆ. ಪ್ರವೇಶ ಸಮಿತಿಗೆ ಅಂತ ಸಂಬೋಧಿಸಿ, ಸ್ಕೂಲಿನ ಹೆಸರಾಗಲಿ ಪದವಿಯ ಹೆಸರಾಗಲಿ ಬೇಡ, ವೈದ್ಯಕೀಯ ಅಂತ ಬರೆದರೆ ಸಾಕು." ಲೆಟರ್‌ಹೆಡ್, ಸಹಿ, ದಿನಾಂಕ ಇರಲೇಬೇಕು ಅನ್ನುವುದನ್ನೂ ನೆನಪಿಸಲಿ. ಸಹಿ ಇಲ್ಲದ ಪತ್ರ ಅಂತ ಎಷ್ಟೋ ಒಳ್ಳೆಯ ಅರ್ಜಿಗಳು ಸುಮ್ನೆ ತಡವಾಗುತ್ತವೆ.

ಮಿಷಿಗನ್ ಡಿಓ

ನಾನು ಡಿಓ. ಫ್ಯಾಮಿಲಿ ಮೆಡಿಸಿನ್‌ನಲ್ಲಿದ್ದೇನೆ. ಅಮ್ಮ ಕೇಳಿದ ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಡಿಓ ಡಾಕ್ಟರ್ ಪತ್ರ ಎಲ್ಲ ಡಿಓ ಸ್ಕೂಲ್‌ಗಳಿಗೂ ಕಡ್ಡಾಯ ಅಲ್ಲ. ಕೆಲವು ಸ್ಕೂಲ್‌ಗಳು ಬೇಕೇ ಬೇಕು ಅನ್ನುತ್ತವೆ. ಕೆಲವು ಡಿಓ ಅಥವಾ ಎಂಡಿ ಯಾರದಾದರೂ ಸರಿ ಅನ್ನುತ್ತವೆ. ಇನ್ನು ಕೆಲವು ಇದ್ದರೆ ಒಳ್ಳೆಯದು ಅನ್ನುತ್ತವೆ. ಅಕೋಮಾಸ್ ನಡೆಸುವ ಎಎಕಾಮ್‌ನ (ಡಿಓ ಕಾಲೇಜುಗಳ ಸಂಘದ) ಜಾಲತಾಣದಲ್ಲಿ ಚೂಸ್ ಡಿಓ ಎಕ್ಸ್‌ಪ್ಲೋರರ್ ಅಂತ ಒಂದು ಪಟ್ಟಿ ಇದೆ, ಅದರಲ್ಲಿ ಸ್ಕೂಲ್‌ವಾರು ನೋಡಬಹುದು. ಎಂಡಿ ಸ್ಕೂಲ್‌ಗಳಿಗೆ ಎಎಎಂಸಿಯ ಎಂಎಸ್‌ಎಆರ್ ಅನ್ನುವ ಇಂಥದ್ದೇ ಪಟ್ಟಿ ಇದೆ. ಎರಡರಲ್ಲಿ ಓದಿದ್ದನ್ನೂ ಕೊನೆಗೆ ಆಯಾ ಸ್ಕೂಲಿನ ಪುಟದಲ್ಲಿ ಒಂದು ಸಲ ತಾಳೆ ನೋಡಿ.

ಕಡ್ಡಾಯ ಅಲ್ಲದ ಕಡೆಯೂ ಡಿಓ ಪತ್ರ ಇದ್ದರೆ ತೂಕ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಇಷ್ಟೇ. ಎಂಡಿ ಸಿಗದಿದ್ದರೆ ಇರಲಿ ಅಂತ ಇಲ್ಲಿಗೆ ಅರ್ಜಿ ಹಾಕುವವರು ಬಹಳ ಜನ. ಈ ಹುಡುಗಿ ಒಬ್ಬ ಡಿಓ ಜೊತೆ ನಿಂತು ಕೆಲಸ ನೋಡಿದ್ದಾಳೆ, ನಾವು ಕೈಯಿಂದ ಮಾಡುವ ಚಿಕಿತ್ಸೆ ಏನು ಅಂತ ತಿಳಿದುಕೊಂಡಿದ್ದಾಳೆ ಅನ್ನುವುದು ಆ ಪತ್ರದಿಂದ ಗೊತ್ತಾಗುತ್ತದೆ.

ನಮ್ಮವರಲ್ಲಿ ಡಿಓ ಅಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಊರಿನ ಕಡೆ ಆಸ್ಟಿಯೋಪತಿ ಅಂದರೆ ಮೂಳೆ ತಿಕ್ಕುವುದು ಅಂದುಕೊಳ್ಳುತ್ತಾರೆ. ಆಂಡ್ರ್ಯೂ ಟೇಲರ್ ಸ್ಟಿಲ್ ಅವರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಸ್ಕೂಲ್ ತೆರೆದಾಗಿನ ಮಾತು ಬೇರೆ. ಈಗ 50 ರಾಜ್ಯಗಳಲ್ಲೂ ಡಿಓಗೆ ಪೂರ್ಣ ಲೈಸೆನ್ಸ್ ಇದೆ, ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. 2020ರಿಂದ ಎಂಡಿ, ಡಿಓ ಇಬ್ಬರ ರೆಸಿಡೆನ್ಸಿಗೂ (ಪದವಿಯ ನಂತರದ ಆಸ್ಪತ್ರೆ ತರಬೇತಿಗೂ) ಒಂದೇ ಮಾನ್ಯತಾ ಸಂಸ್ಥೆ. ಮಗಳಿಗೆ ಇದೆಲ್ಲ ಗೊತ್ತಿರಬಹುದು. ಆದರೆ ಮನೆಯಲ್ಲಿ ನೀವು ಹಗುರವಾಗಿ ಮಾತಾಡಿದರೆ ಸಂದರ್ಶನದಲ್ಲಿ ಅವಳ ದನಿಯಲ್ಲೂ ಅದು ಇಣುಕುತ್ತದೆ.

ಇನ್ನು ಟೆಕ್ಸಾಸ್‌ನಲ್ಲಿ ಒಂದು ವಿಶೇಷ. ಫೋರ್ಟ್ ವರ್ತ್‌ನಲ್ಲಿರುವ ಟೆಕ್ಸಾಸ್ ಕಾಲೇಜ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್ ಡಿಓ ಸ್ಕೂಲ್, ಆದರೆ ಅರ್ಜಿ ಟಿಎಂಡಿಎಸ್‌ಎಎಸ್ ಮೂಲಕ. ಅಂದರೆ ಅದಕ್ಕೆ ಅಂತ ಡಿಓ ಪತ್ರ ಹಾಕಿದರೆ ಅದೇ ಪತ್ರ ಟೆಕ್ಸಾಸ್‌ನ ಎಂಡಿ ಸ್ಕೂಲ್‌ಗಳಿಗೂ ಹೋಗುತ್ತದೆ. "ಇವಳು ಆಸ್ಟಿಯೋಪತಿಗಾಗಿಯೇ ಹುಟ್ಟಿದವಳು" ಅಂತ ಯಾರಾದರೂ ಪ್ರೀತಿಯಿಂದ ಬರೆದುಬಿಟ್ಟರೆ ಕಷ್ಟ, ಅಲ್ವಾ? ಅದಕ್ಕೆ ನಾನು ಬರೆದುಕೊಡುವಾಗ ಮೊದಲು ಕೇಳುತ್ತೇನೆ: ಇದು ಅಕೋಮಾಸ್‌ಗೆ ಮಾತ್ರವಾ, ಬೇರೆ ಕಡೆಗೂ ಹೋಗುತ್ತದಾ? ಎರಡಕ್ಕೂ ಬೇಕಾದರೆ ಎರಡು ರೂಪ ಬರೆದುಕೊಡುತ್ತೇನೆ. ಕೊನೆಯ ಪ್ಯಾರಾ ಬದಲಾದರೆ ಸಾಕು, ಹತ್ತು ನಿಮಿಷದ ಕೆಲಸ. ಕೇಳಲು ಹಿಂಜರಿಯಬೇಡಿ.

ಬೇ ಏರಿಯಾ ಅಪ್ಪ

ನನ್ನದೊಂದು ಸಲಹೆ. ನಮ್ಮ ಕನ್ನಡ ಸಂಘಗಳಲ್ಲಿ ಎಷ್ಟೊಂದು ದೊಡ್ಡ ಡಾಕ್ಟರ್‌ಗಳಿದ್ದಾರೆ. ವಿಭಾಗದ ಮುಖ್ಯಸ್ಥರು, ಆಸ್ಪತ್ರೆ ನಡೆಸುವವರು. ಮಗುವನ್ನು ಚಿಕ್ಕಂದಿನಿಂದ ನೋಡಿರುತ್ತಾರೆ. ಅವರ ಪತ್ರಕ್ಕೆ ಕಾಲೇಜು ಪ್ರೊಫೆಸರ್ ಪತ್ರಕ್ಕಿಂತ ಬೆಲೆ ಜಾಸ್ತಿ ಇರುವುದಿಲ್ಲವಾ? ನಾನು ಮಗನಿಗೆ ಹಾಗೇ ಮಾಡಿಸೋಣ ಅಂತಿದ್ದೇನೆ.

ಕೆಮಿಸ್ಟ್ರಿ ಮೇಷ್ಟ್ರು

ಸರ್, ದಯವಿಟ್ಟು ಹಾಗೆ ಮಾಡಿಸಬೇಡಿ. ನಾನು ಇಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರತಿ ವಸಂತದಲ್ಲಿ ಇಂಥ ಪತ್ರಗಳನ್ನು ಬರೆಯುತ್ತೇನೆ.

ಬಂಧುಗಳ, ಕುಟುಂಬದ ಸ್ನೇಹಿತರ ಪತ್ರ ಬೇಡ ಅಂತ ಹಲವು ಸ್ಕೂಲ್‌ಗಳು ಬರೆದೇ ಇಟ್ಟಿವೆ. ಬರೆಯದ ಕಡೆಯೂ ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. "ಈತನನ್ನು ಐದು ವರ್ಷದ ಮಗುವಾಗಿದ್ದಾಗಿನಿಂದ ಬಲ್ಲೆ, ಒಳ್ಳೆಯ ಸಂಸ್ಕಾರವಂತ ಮನೆ" ಅನ್ನುವ ಸಾಲಿನಿಂದ ಆ ಹುಡುಗ ರೋಗಿಯ ಮುಂದೆ, ಲ್ಯಾಬಿನಲ್ಲಿ, ಸೋತಾಗ ಹೇಗಿರುತ್ತಾನೆ ಅಂತ ತಿಳಿಯುವುದಿಲ್ಲ. ಹೆಚ್ಚಿನ ಎಂಡಿ ಸ್ಕೂಲ್‌ಗಳು ಕೇಳುವುದು ಪಾಠ ಮಾಡಿದವರ ಪತ್ರ. ಸಾಮಾನ್ಯವಾಗಿ ವಿಜ್ಞಾನದವರು ಇಬ್ಬರು, ವಿಜ್ಞಾನೇತರ ವಿಷಯದವರು ಒಬ್ಬರು. ಡಾಕ್ಟರ್ ಪತ್ರ ಅದರ ಮೇಲೆ ಬರುವಂಥದ್ದು, ಅದರ ಬದಲಿಗೆ ಬರುವಂಥದ್ದಲ್ಲ. ಅದೂ ನಿಜವಾಗಿ ಅವರ ಕೈಕೆಳಗೆ ಕೆಲಸ ಮಾಡಿದ್ದರೆ ಮಾತ್ರ.

ಪತ್ರ ಬರೆಯುವವರಿಗಾಗಿ ಎಎಎಂಸಿ ಒಂದು ಮಾರ್ಗಸೂಚಿ ಕೊಟ್ಟಿದೆ. ಅದು ಹೇಳುವುದು ಸರಳ. ಪತ್ರದ ಉದ್ದಕ್ಕಿಂತ ಗುಣ ಮುಖ್ಯ. ನಿಮ್ಮ ಕೋರ್ಸ್ ಎಷ್ಟು ಕಷ್ಟ, ನಿಮ್ಮ ಲ್ಯಾಬ್ ಎಷ್ಟು ದೊಡ್ಡದು ಅಂತ ಬರೆಯಬೇಡಿ, ವಿದ್ಯಾರ್ಥಿಯ ಬಗ್ಗೆ ಬರೆಯಿರಿ. ಅಂಕ ಹೇಳುವುದಾದರೆ ಅದರ ಹಿನ್ನೆಲೆಯನ್ನೂ ಹೇಳಿ. ಎಷ್ಟು ದಿನದಿಂದ, ಯಾವ ರೀತಿಯಲ್ಲಿ ಬಲ್ಲಿರಿ ಅಂತ ತಿಳಿಸಿ.

ಇದನ್ನೆಲ್ಲ ನಾನು ಬರೆಯಬೇಕಾದರೆ ನನಗೆ ಸಾಮಗ್ರಿ ಬೇಕು. ಇನ್ನೂರು ಜನರ ತರಗತಿಯಲ್ಲಿ ಎ ಗ್ರೇಡ್ ತೆಗೆದುಕೊಂಡು ಒಂದು ದಿನವೂ ಮಾತಾಡದ ಹುಡುಗಿ ಮೇ ತಿಂಗಳಲ್ಲಿ ಬಂದು ಪತ್ರ ಕೇಳಿದರೆ ನಾನು ಬರೆಯಬಹುದಾದ್ದು ಎ ಗ್ರೇಡ್ ಅಂತ ಮಾತ್ರ. ಅದು ಅಂಕಪಟ್ಟಿಯಲ್ಲೇ ಇದೆ. ಇನ್ನೊಬ್ಬಳು ಬಿ ಪ್ಲಸ್ ತೆಗೆದುಕೊಂಡಿದ್ದಳು. ಪರೀಕ್ಷೆ ಆದ ಮೇಲೆ ಪ್ರತಿ ಸಲ ಬಂದು, ತಪ್ಪಿದ ಪ್ರಶ್ನೆಯನ್ನು ಬೋರ್ಡ್ ಮೇಲೆ ತಾನೇ ಬಿಡಿಸಿ ತೋರಿಸುತ್ತಿದ್ದಳು. ಆಮೇಲೆ ಪಕ್ಕದವರಿಗೂ ಹೇಳಿಕೊಡಲು ಶುರು ಮಾಡಿದಳು. ಅವಳ ಬಗ್ಗೆ ಎರಡು ಪುಟ ಬರೆಯಲು ನನಗೆ ಯೋಚಿಸಬೇಕಾಗಿಯೇ ಬರಲಿಲ್ಲ.

ಹೀಗೆ ಕೇಳಿ ಅಂತ ಮಕ್ಕಳಿಗೆ ಹೇಳಿ: "ನನ್ನ ಬಗ್ಗೆ ಗಟ್ಟಿಯಾದ ಪತ್ರ ಬರೆಯುವಷ್ಟು ನಿಮಗೆ ನನ್ನ ಪರಿಚಯ ಇದೆಯಾ?" ಆಗ ಇಲ್ಲ ಅನ್ನುವವರಿಗೂ ಒಂದು ದಾರಿ ಸಿಗುತ್ತದೆ. ಯಾರಾದರೂ ತಡವರಿಸಿದರೆ ಕೈಮುಗಿದು ಬಂದುಬಿಡಿ. ಒಲ್ಲದ ಮನಸ್ಸಿನ ಪತ್ರ ಅರ್ಜಿಯನ್ನು ಕೆಡಿಸುತ್ತದೆ, ಅದನ್ನು ನೀವು ಓದಲೂ ಆಗುವುದಿಲ್ಲ.

ಬೇ ಏರಿಯಾ ಅಪ್ಪ

ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಸರ್. ಓದಲು ಆಗುವುದಿಲ್ಲ ಅಂದಿರಲ್ಲ, ಅದು ಕಡ್ಡಾಯವಾ? ಮಗ ಯಾವುದೋ ಹಕ್ಕು ಬಿಟ್ಟುಕೊಡಬೇಕು ಅಂತಿದ್ದ.

ಓಹಾಯೊ ಅಡ್ವೈಸರ್

ಫರ್ಪಾ ಅಂತ 1974ರ ಕಾನೂನು. ಅದರಡಿ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡಬಹುದು. ಕಾನೂನಿನ ಪ್ರಕಾರ ಯಾರೂ ಬಲವಂತ ಮಾಡುವಂತಿಲ್ಲ. ಆದರೆ ಬಿಟ್ಟುಕೊಡದಿದ್ದರೆ ಓದುವವರಿಗೆ ಪತ್ರದ ಮೇಲೆ ನಂಬಿಕೆ ಕಡಿಮೆ, ಕೆಲವು ಪ್ರೊಫೆಸರ್‌ಗಳು ಬರೆಯುವುದೇ ಇಲ್ಲ. ಬಿಟ್ಟುಕೊಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ಮೈಸೂರು ಇಂಟರ್ನ್

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಅಮೆರಿಕದಲ್ಲಿ ರೆಸಿಡೆನ್ಸಿಗೆ ಪ್ರಯತ್ನಿಸಬೇಕು. ಈ 10 ಪತ್ರ, 3 ಪತ್ರದ ಲೆಕ್ಕ ನನಗೂ ಅನ್ವಯಿಸುತ್ತದಾ?

ಮಿಷಿಗನ್ ಡಿಓ

ಇಲ್ಲಪ್ಪ, ನಿನ್ನದು ಬೇರೆ ದಾರಿ. ರೆಸಿಡೆನ್ಸಿಗೆ ಈರಾಸ್ ಮೂಲಕ ಅರ್ಜಿ. ಪತ್ರ ಎಷ್ಟು ಬೇಕಾದರೂ ಸೇರಿಸಿಟ್ಟುಕೊಳ್ಳಬಹುದು, ಒಂದು ಪ್ರೋಗ್ರಾಂಗೆ 4ರವರೆಗೆ ಕಳಿಸಬಹುದು. ಇಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೆಲಸ ಮಾಡಿ, ಅಲ್ಲಿನ ಡಾಕ್ಟರ್‌ಗಳಿಂದ ಬರೆಸಿಕೊಂಡ ಪತ್ರಕ್ಕೆ ಬೆಲೆ ಜಾಸ್ತಿ. ಇದಕ್ಕೆ ಬೇರೆ ಎಳೆ ಶುರು ಮಾಡು, ಅಲ್ಲಿ ವಿವರವಾಗಿ ಬರೆಯುತ್ತೇನೆ.

ದಾವಣಗೆರೆ ಹುಡುಗ

ನಾನು ಈಗ ಮೆಡಿಕಲ್ ಮೊದಲನೇ ವರ್ಷ. ಎಂಡಿ, ಡಿಓ ಎರಡಕ್ಕೂ ಅರ್ಜಿ ಹಾಕಿದ್ದೆ. ಕಾಲದ ಬಗ್ಗೆ ಇಲ್ಲಿ ಯಾರೂ ಅಷ್ಟಾಗಿ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ ಅಕ್ಕ.

ಪತ್ರ ಬರದಿದ್ದರೂ ಅರ್ಜಿ ಸಲ್ಲಿಸಬಹುದು. ಆಮ್‌ಕಾಸ್‌ನವರು ಅಂಕಪಟ್ಟಿ ತಾಳೆ ನೋಡುವುದಕ್ಕೂ ಪತ್ರಕ್ಕೂ ಸಂಬಂಧ ಇಲ್ಲ. ಹಾಗಾಗಿ ಪತ್ರ ಕಾಯುತ್ತಾ ಜೂನ್ ಕಳೆಯಬಾರದು. ಆದರೆ ಪತ್ರ ಬರುವವರೆಗೆ ಸ್ಕೂಲ್‌ನವರು ಫೈಲ್ ಪೂರ್ತಿಯಾಯಿತು ಅನ್ನುವುದಿಲ್ಲ. ಹೆಚ್ಚಿನ ಕಡೆ ಬಂದ ಅರ್ಜಿಗಳನ್ನು ಬಂದ ಹಾಗೆ ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ತಡವಾದಷ್ಟೂ ಉಳಿದ ಜಾಗ ಕಡಿಮೆ.

ನನ್ನ ಒಬ್ಬ ಪ್ರೊಫೆಸರ್ ಮೇ ಕೊನೆಗೆ ಹೂಂ ಅಂದವರು ಬೇಸಿಗೆ ಪೂರ್ತಿ ಸಿಗಲೇ ಇಲ್ಲ. ಆಗಸ್ಟ್‌ನಲ್ಲಿ ಬೇರೆಯವರನ್ನು ಕೇಳಿ ತೆಗೆದುಕೊಳ್ಳಬೇಕಾಯಿತು. ಇಲ್ಲಿ ಎಷ್ಟೋ ಪ್ರೊಫೆಸರ್‌ಗಳ ಕೆಲಸದ ಒಪ್ಪಂದ ಒಂಬತ್ತು ತಿಂಗಳದ್ದು. ಬೇಸಿಗೆಯಲ್ಲಿ ಅವರು ಇಮೇಲ್ ನೋಡಬೇಕು ಅಂತಲೂ ಇಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಎದುರಿಗೆ ಹೋಗಿ ಕೇಳಿ, ಸೆಮಿಸ್ಟರ್ ಮುಗಿಯುವ ಮೊದಲೇ ಪತ್ರ ಇಂಟರ್‌ಫೋಲಿಯೋಗೆ ಬಂದಿರುವ ಹಾಗೆ ನೋಡಿಕೊಂಡರೆ ನಿಶ್ಚಿಂತೆ.

ಕೇಳುವಾಗ ಬರಿಗೈಯಲ್ಲಿ ಹೋಗಬಾರದು. ರೆಸ್ಯೂಮೆ, ಮೆಡಿಕಲ್ ಯಾಕೆ ಅಂತ ಬರೆದ ಕರಡು, ಅವರ ತರಗತಿಯಲ್ಲಿ ಮಾಡಿದ ಕೆಲಸದ ಒಂದು ಪುಟ, ಕೊನೆಯ ದಿನಾಂಕ. ಅಕೋಮಾಸ್‌ನಿಂದ ನೇರವಾಗಿ ಕೋರಿಕೆ ಕಳಿಸಿದರೆ ಆ ಇಮೇಲ್ ಸ್ಪ್ಯಾಮ್‌ಗೆ ಬೀಳುವುದುಂಟು. ಕಳಿಸಿದ ದಿನವೇ ಅವರಿಗೆ ಬೇರೆ ಇಮೇಲ್‌ನಲ್ಲಿ ತಿಳಿಸಬೇಕು.

ಬೇ ಏರಿಯಾ ಅಪ್ಪ

ಒಂದು ಅನುಮಾನ. ಡಿಓಗೂ ಹಾಕುತ್ತಿದ್ದೇನೆ ಅಂತ ಎಂಡಿ ಡಾಕ್ಟರ್ ಹತ್ತಿರ, ಲ್ಯಾಬಿನ ಮುಖ್ಯಸ್ಥರ ಹತ್ತಿರ ಹೇಳಬೇಕಾ? ಹೇಳಿದರೆ ಇವನು ಹಿಂದೆ ಬಿದ್ದಿದ್ದಾನೆ ಅಂದುಕೊಂಡು ಸಪ್ಪೆಯಾಗಿ ಬರೆದುಬಿಟ್ಟರೆ?

ಕೆಮಿಸ್ಟ್ರಿ ಮೇಷ್ಟ್ರು

ಹೇಳಬೇಕಾಗಿಲ್ಲ. ಮೆಡಿಕಲ್ ಸ್ಕೂಲ್‌ಗಳಿಗೆ ಅಂದರೆ ಸಾಕು. ಪತ್ರದಲ್ಲಿ ಪದವಿಯ ಹೆಸರು ಬರಬಾರದು ಅನ್ನುವುದು ತಾನೆ ನಮಗೆ ಬೇಕಾದ್ದು.

ಮಿಷಿಗನ್ ಡಿಓ

ಮೇಷ್ಟ್ರೇ, ಇದರಲ್ಲಿ ನನ್ನದು ಬೇರೆ ಅಭಿಪ್ರಾಯ. ಮುಚ್ಚಿಟ್ಟರೆ ಅವರು ಗೊತ್ತಿಲ್ಲದೆ ಎಂಡಿ ಅಂತ ಬರೆದುಬಿಡುತ್ತಾರೆ. ಅಕೋಮಾಸ್‌ನಲ್ಲಿ ಒಮ್ಮೆ ಬಂದ ಪತ್ರವನ್ನು ತೆಗೆಯಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಡಿಓ ಅಂದ ಕೂಡಲೇ ಹುಡುಗನ ಮೇಲಿನ ಗೌರವ ಕಡಿಮೆ ಮಾಡಿಕೊಳ್ಳುವವರ ಪತ್ರ ನಮಗೆ ಯಾಕೆ ಬೇಕು? ನಾನು ಓದುವಾಗ ನನ್ನ ಪರವಾಗಿ ಅತ್ಯಂತ ಪ್ರೀತಿಯಿಂದ ಬರೆದವರು ಒಬ್ಬ ಎಂಡಿ. ಅವರಿಗೆ ಎಲ್ಲವನ್ನೂ ಹೇಳಿದ್ದೆ.

ಕೆಮಿಸ್ಟ್ರಿ ಮೇಷ್ಟ್ರು

ನಿಮ್ಮ ಮಾತಿನಲ್ಲಿ ನ್ಯಾಯ ಇದೆ ಡಾಕ್ಟ್ರೇ. ಡಾಕ್ಟರ್‌ಗಳ ಹತ್ತಿರ ಹೇಳುವುದೇ ಸರಿ. ಪ್ರೊಫೆಸರ್‌ಗಳಲ್ಲಿ ಹಲವರಿಗೆ ವ್ಯತ್ಯಾಸವೇ ತಿಳಿದಿರುವುದಿಲ್ಲ, ಅವರಿಗೆ ಅಡ್ವೈಸರ್ ಮೇಡಂ ಹೇಳಿದ ಸಾಲು ಸಾಕು.

ಹ್ಯೂಸ್ಟನ್ ಅಮ್ಮ

ಎಲ್ಲವನ್ನೂ ಮಗಳ ಜೊತೆ ಕೂತು ಓದಿದೆ. ಅವಳ ಯೋಜನೆ ಹೀಗಿದೆ. ಟೆಕ್ಸಾಸ್‌ಗೆ ಕೆಮಿಸ್ಟ್ರಿ ಪ್ರೊಫೆಸರ್, ಲ್ಯಾಬಿನ ಮುಖ್ಯಸ್ಥರು, ಮೂರನೆಯದಾಗಿ ಕ್ಲಿನಿಕ್ ಮೇಲ್ವಿಚಾರಕಿ. ಆಮ್‌ಕಾಸ್‌ನಲ್ಲಿ ಐವರೂ. ಡಿಓಗೆ ಕೆಮಿಸ್ಟ್ರಿ, ಕ್ಲಿನಿಕ್, ಹೃದ್ರೋಗ ತಜ್ಞರು. ಆ ಉಚಿತ ಕ್ಲಿನಿಕ್‌ಗೆ ಪ್ರತಿ ಶನಿವಾರ ಬರುವ ಒಬ್ಬ ಡಾಕ್ಟರ್ ಡಿಓ ಅಂತ ಈಗ ಗೊತ್ತಾಯಿತು. ಅವಳು ಅವರ ರೋಗಿಗಳಿಗೆ ಸ್ಪ್ಯಾನಿಷ್‌ನಲ್ಲಿ ಮಾತಾಡಲು ನೆರವಾಗುತ್ತಾಳಂತೆ. ಅವರನ್ನು ಕೇಳಬಹುದಾ?

ಮಿಷಿಗನ್ ಡಿಓ

ಖಂಡಿತ ಕೇಳಲಿ. ಅದಕ್ಕಿಂತ ಒಳ್ಳೆಯ ಡಿಓ ಪತ್ರ ಎಲ್ಲಿ ಸಿಗುತ್ತದೆ? ಆದರೆ ನಾಳೆಯೇ ಬೇಡ. ಇನ್ನೊಂದಷ್ಟು ವಾರ ಅವರ ಜೊತೆ ಕೆಲಸ ಮಾಡಲಿ, ಅವರ ಚಿಕಿತ್ಸೆಯ ಬಗ್ಗೆ ಪ್ರಶ್ನೆ ಕೇಳಲಿ, ಆಮೇಲೆ ಪತ್ರದ ಮಾತು ಎತ್ತಲಿ.

ಓಹಾಯೊ ಅಡ್ವೈಸರ್

ಯೋಜನೆ ಚೆನ್ನಾಗಿದೆ. ಎರಡು ತಿದ್ದುಪಡಿ. ಲ್ಯಾಬಿನ ಮುಖ್ಯಸ್ಥರು ಅವಳಿಗೆ ತರಗತಿಯಲ್ಲಿ ಪಾಠ ಮಾಡಿದ್ದಾರಾ ಅಂತ ನೋಡಿ. ಮಾಡಿರದಿದ್ದರೆ ಹಲವು ಎಂಡಿ ಸ್ಕೂಲ್‌ಗಳು ಅವರನ್ನು ವಿಜ್ಞಾನ ಪ್ರೊಫೆಸರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಬಯಾಲಜಿ ಅಥವಾ ಫಿಸಿಕ್ಸ್‌ನ ಇನ್ನೊಬ್ಬರು ಬೇಕಾಗುತ್ತಾರೆ. ಎರಡನೆಯದು, ಆಮ್‌ಕಾಸ್‌ನಲ್ಲಿ ಇರುವ ಪತ್ರಗಳನ್ನೆಲ್ಲ ಎಲ್ಲ ಸ್ಕೂಲ್‌ಗೂ ಹಾಕಬೇಡಿ. ಇಷ್ಟಕ್ಕಿಂತ ಜಾಸ್ತಿ ಬೇಡ ಅಂತ ಕೆಲವು ಸ್ಕೂಲ್‌ಗಳು ಮಿತಿ ಇಟ್ಟಿವೆ. ಹೃದ್ರೋಗ ತಜ್ಞರ ಜೊತೆ ಸುಮ್ನೆ ನಿಂತು ನೋಡಿದ್ದಷ್ಟೇ ಆದರೆ ಆ ಪತ್ರ ಬಿಟ್ಟರೂ ನಷ್ಟ ಇಲ್ಲ.

ಹ್ಯೂಸ್ಟನ್ ಅಮ್ಮ

ಲ್ಯಾಬಿನವರು ಪಾಠ ಮಾಡಿಲ್ಲವಂತೆ. ಬಯಾಲಜಿ ಮೇಡಂ ಒಬ್ಬರು ಇದ್ದಾರೆ, ಈ ಸೆಮಿಸ್ಟರ್ ಅವರ ತರಗತಿಯಲ್ಲೇ ಇದ್ದಾಳೆ. ನಾಳೆಯಿಂದಲೇ ಅವರ ಆಫೀಸ್ ಅವರ್ಸ್‌ಗೆ ಹೋಗುತ್ತಾಳೆ. ಕೊನೆಯದಾಗಿ ಒಂದು ಪ್ರಶ್ನೆ, ಕೇಳಲು ಮನಸ್ಸಿಲ್ಲ ಆದರೂ ಕೇಳುತ್ತೇನೆ. ಈ ವರ್ಷ ಎಲ್ಲೂ ಸಿಗದಿದ್ದರೆ ಈ ಪತ್ರಗಳೆಲ್ಲ ಮುಂದಿನ ವರ್ಷಕ್ಕೆ ಉಳಿಯುತ್ತವಾ?

ದಾವಣಗೆರೆ ಹುಡುಗ

ಆಮ್‌ಕಾಸ್, ಅಕೋಮಾಸ್ ಎರಡರಲ್ಲೂ ಉಳಿಯುವುದಿಲ್ಲ ಅಕ್ಕ, ಹೊಸದಾಗಿ ಕಳಿಸಬೇಕು. ಇಂಟರ್‌ಫೋಲಿಯೋದಲ್ಲಿ ಇದ್ದದ್ದು ಇರುತ್ತದೆ. ಆದರೂ ಬರೆದವರ ಹತ್ತಿರ ಹೋಗಿ, ಈ ಒಂದು ವರ್ಷದಲ್ಲಿ ಏನು ಮಾಡಿದೆ ಅಂತ ತಿಳಿಸಿ, ಹೊಸ ದಿನಾಂಕ ಹಾಕಿ ತಿದ್ದಿಕೊಡಿ ಅಂತ ಕೇಳಬೇಕು. ನನ್ನ ರೂಮ್‌ಮೇಟ್ ಎರಡನೇ ಸಲಕ್ಕೆ ಬಂದವನು. ಅವನ ಬಯಾಲಜಿ ಪ್ರೊಫೆಸರ್ ಹಳೆಯ ಪತ್ರ ಪಕ್ಕಕ್ಕಿಟ್ಟು ಪೂರ್ತಿ ಹೊಸದಾಗಿ ಬರೆದುಕೊಟ್ಟರು.